ಮೇಡಂ ಅಳತೆಯ ಕಾಲು

ಮೇಡಂಗೂ ಅಟೆಂಡರಮ್ಮನಿಗೂ ಒಂದೇ ಅಳತೆಯ ಕಾಲು. ಅವಳು ಮಾಡಿದ ತಪ್ಪು ಅದೊಂದೇ.

ಗೊತ್ತಾದದ್ದು ಹೀಗೆ. ಮೇಡಂ ಆ ಕಚೇರಿಗೆ ಬಂದ ಹೊಸತರಲ್ಲಿ ಒಂದು ದಿನ ಹೊಸ ಬೂಟು ಹಾಕಿಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೂಟು ಕಳಚಿ, ಕಾಲು ಹಿಡಿದುಕೊಂಡು ಕೂತಿದ್ದರು. ಅಟೆಂಡರಮ್ಮ ಟೀ ಲೋಟ ಇಡಲು ಬಗ್ಗಿದಳು. ಮೇಡಂ ಅವಳ ಕಾಲು ನೋಡಿದರು. ಒಂಬತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಯಾರಾದರೂ ಅವಳ ಕಾಲು ನೋಡಿದ್ದು ಅದೇ ಮೊದಲು.

"ಏ, ನಿನ್ನ ಕಾಲು ಇಲ್ಲಿಡು."

ಇಟ್ಟಳು. ಮೇಡಂ ತಮ್ಮ ಕಾಲನ್ನು ಪಕ್ಕಕ್ಕೆ ತಂದರು. ತಾಗದ ಹಾಗೆ, ಎರಡು ಬೆರಳು ಅಂತರ ಬಿಟ್ಟು.

"ಅರೆ, ಒಂದೇ ಸೈಜು! ತಗೋ, ಈ ಶೂನ ಒಂದು ವಾರ ಹಾಕ್ಕೊಂಡು ಓಡಾಡು. ಮೆತ್ತಗಾದ ಮೇಲೆ ಕೊಡು."

ಹೊಸ ಬೂಟು ಕಚ್ಚುತ್ತದೆ. ಅದರ ಗುಣವೇ ಅದು. ಯಾರನ್ನಾದರೂ ಕಚ್ಚಿಯೇ ಪಳಗಬೇಕು. ಮೇಡಂನ ಕಚ್ಚಬಾರದು, ಅಷ್ಟೆ.

ಅಲ್ಲಿಂದ ಶುರುವಾಯಿತು. ಐದು ವರ್ಷದಲ್ಲಿ ಹನ್ನೊಂದು ಜೊತೆ. ಕಪ್ಪು, ಕಂದು, ಮೊನಚು ಮೂತಿಯದು, ಎತ್ತರದ ಹಿಮ್ಮಡಿಯದು. ಒಂದೊಂದು ಬೂಟೂ ಅವಳ ಕಾಲಿನ ಒಂದೊಂದು ಕಡೆ ಚರ್ಮ ತಿಂದಿತು. ಬೊಬ್ಬೆ ಒಡೆದು, ಒಣಗಿ, ಕಾಯಿ ಕಟ್ಟುವ ಹೊತ್ತಿಗೆ ಬೂಟು ಮೆತ್ತಗಾಗುತ್ತಿತ್ತು. ಮೆತ್ತಗಾದದ್ದು ಮೇಡಂ ಕಾಲಿಗೆ ಹೋಗುತ್ತಿತ್ತು. ಕಾಯಿ ಇವಳ ಕಾಲಲ್ಲಿ ಉಳಿಯುತ್ತಿತ್ತು.

ಕಚೇರಿ ಅಂದರೆ ಊರಿನ ಚರಂಡಿಗಳ ನಕ್ಷೆ ಇಡುವ ಕಚೇರಿ. ಮೂರನೇ ಮಹಡಿ. ನೆಲದಡಿಯಲ್ಲಿ ಯಾವ ಪೈಪು ಎಲ್ಲಿ ಹೊರಟು ಎಲ್ಲಿ ಸೇರುತ್ತದೆ ಅನ್ನುವುದೆಲ್ಲ ಅಲ್ಲಿ ಕಾಗದದ ಮೇಲೆ ಇತ್ತು. ಸುರುಳಿ ಸುತ್ತಿ ತಗಡಿನ ಕೊಳವೆಯಲ್ಲಿ ತುಂಬಿಟ್ಟ ನಾಲ್ಕು ಸಾವಿರ ನಕ್ಷೆ. ಒಂದೊಂದು ಕೊಳವೆ ಕೈಗೂಸಿನಷ್ಟು ಭಾರ. ಎಂಜಿನಿಯರು ನಂಬರು ಕೂಗಬೇಕು, ಅಟೆಂಡರಮ್ಮ ಏಣಿ ಹತ್ತಿ ತೆಗೆದು ಹೆಗಲ ಮೇಲೆ ಹೊತ್ತು ತರಬೇಕು. ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಎದುರುಗಡೆ ನಿಂತಿರಬೇಕು. ಎದುರುಗಡೆ ನಿಂತೂ ನಿಂತೂ ಅವಳಿಗೆ ಅಕ್ಷರ ತಲೆಕೆಳಗಾಗಿ ಓದಲು ಬರುತ್ತಿತ್ತು. ನೇರ ಓದುವುದಕ್ಕಿಂತ ಚೆನ್ನಾಗಿ.

ಮೆಟ್ಟಿಲು ಹತ್ತಿ ಬಂದರೆ ಒಂದು ಹಲಗೆ. ಅಟೆಂಡರು, ಗುಡಿಸುವವಳು, ಟೀ ತರುವವಳು ಚಪ್ಪಲಿ ಅಲ್ಲೇ ಬಿಡಬೇಕು. ಒಳಗೆ ಉದ್ದಕ್ಕೂ ಹಲಗೆಯ ನೆಲದ ಮೇಲೆ ತೆಳು ಕಾರ್ಪೆಟ್ಟು. ಚಪ್ಪಲಿ ಚಟಪಟ ಅನ್ನುತ್ತದೆ, ತಲೆ ಸಿಡಿಯುತ್ತದೆ ಎಂದು ಮೇಡಂ ಮಾಡಿದ ನಿಯಮ. ಎಂಜಿನಿಯರುಗಳು ಚರಂಡಿಯ ಕೆಸರು ಮೆತ್ತಿದ ಬೂಟಿನಲ್ಲೇ ಅದರ ಮೇಲೆ ಓಡಾಡುತ್ತಿದ್ದರು. ಆ ಕೆಸರು ಸದ್ದು ಮಾಡುತ್ತಿರಲಿಲ್ಲ ಅಂತ ಕಾಣುತ್ತದೆ.

ಹಾಗಾಗಿ ಅಟೆಂಡರಮ್ಮ ಒಳಗೆ ಬರಿಗಾಲು. ಬೂಟು ಪಳಗಿಸುವ ವಾರ ಮಾತ್ರ ಮೇಡಂನ ಬೂಟು.

"ಅಕ್ಕಾ, ಬರಿಗಾಲಲ್ಲಿ ನಡೆದ್ರೆ ಆಳು. ಬೂಟಲ್ಲಿ ನಡೆದ್ರೆ ಮೇಡಂ," ಅನ್ನುತ್ತಿದ್ದಳು ಗುಡಿಸುವವಳು. ಅವಳ ಬಾಯಿ ಪೊರಕೆಗಿಂತ ಚುರುಕು. "ನೀನು ಬೂಟು ಹಾಕ್ಕೊಂಡು ನಡೆಯೋ ಆಳು. ಇಂಥ ಪ್ರಾಣಿ ಎಲ್ಲೂ ಹುಟ್ಟಿಲ್ಲ ಕಣಕ್ಕಾ."

ಹೆಡ್ ಗುಮಾಸ್ತ ಟಕ್ ಟಕ್ ಸದ್ದಿಗೆ ಕುರ್ಚಿಯಿಂದ ಅರ್ಧ ಏಳುವನು. ಕಂಡರೆ ಅಟೆಂಡರಮ್ಮ. "ಥೂ ನಿನ್ನ, ಮೇಡಂ ಅಂದ್ಕೊಂಡು ಎದ್ದೆನಲ್ಲಮ್ಮಾ! ನಿನಗೂ ಒಂದು ನಮಸ್ಕಾರ ಬಿತ್ತು ಬಿಡು." ಎಲ್ಲರೂ ನಗುವರು. ಅವಳೂ ನಗುವಳು. ನಗದೆ ಇನ್ನೇನು ಮಾಡಿಯಾಳು? ನಕ್ಕರೆ ಬೇಗ ಮುಗಿಯುತ್ತದೆ.

ಬೂಟು ಒಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೇಡಂ ಮನೆಯ ಕೆಲಸಕ್ಕೆ ತುದಿಮೊದಲಿಲ್ಲ. ಇಸ್ತ್ರಿ ಮಾಡಿಸಿದ ಕೋಟನ್ನು ಸುಕ್ಕಾಗದಂತೆ ಕೈಯೆತ್ತಿ ಹಿಡಿದು, ನೂಕುನುಗ್ಗಲಿನ ಬಸ್ಸಿನಲ್ಲಿ ಹನ್ನೆರಡು ನಿಲ್ದಾಣ ನಿಂತೇ ತರಬೇಕು. ಭುಜ ಸೋತರೆ ಕೈ ಬದಲಾಯಿಸಬಹುದು, ಕೋಟು ಇಳಿಸುವ ಹಾಗಿಲ್ಲ. ಮೇಡಂ ಮಗಳ ಶಾಲೆಯ ಅರ್ಜಿಗೆ ಬೆಳಗಿನ ಸಾಲಿನಲ್ಲಿ ಜಾಗ ಹಿಡಿಯಬೇಕು. ಅತ್ತೆಯ ಕನ್ನಡಕ ಮುರಿದರೆ ಓಡಬೇಕು. ತಿಂಗಳಿಗೊಮ್ಮೆ ಅದೇ ಅತ್ತೆಯ ಮೂತ್ರದ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಪರೀಕ್ಷೆಯ ಅಂಗಡಿಗೆ ಒಯ್ಯಬೇಕು. ಕಾಲಲ್ಲಿ ತೋರಿಸಿದ್ದನ್ನು ತಲೆಯಲ್ಲಿ ಹೊತ್ತು ಮಾಡುತ್ತಿದ್ದಳು. ಯಾಕೆ ಅಂದರೆ ಅವಳು ಹಂಗಾಮಿ. ಹದಿನಾಲ್ಕು ವರ್ಷದಿಂದ ಹಂಗಾಮಿ. ಖಾಯಂ ಆಗಬೇಕಾದರೆ ಮೇಡಂ ಫೈಲು ಕಳಿಸಬೇಕು.

"ಈ ಶೂ ಒಂದು ಮೆತ್ತಗಾಗಲಿ, ನಿನ್ನ ಫೈಲು ಕಳಿಸ್ತೀನಿ," ಎನ್ನುತ್ತಿದ್ದರು ಮೇಡಂ. ಹನ್ನೊಂದು ಸಲ ಮೂಗಿಗೆ ತುಪ್ಪ ಸವರಿದರು. ನಾಲಗೆಗೆ ಒಂದು ಸಲವೂ ಎಟುಕಲಿಲ್ಲ.

ಒಂದು ಸಲ ಸೀಸೆ ಒಯ್ದಾಗ ಪರೀಕ್ಷೆಯ ಅಂಗಡಿಯವನು ಖಾಲಿ ಕೂತಿದ್ದ. "ತಿಂಗಳು ತಿಂಗಳು ಬರ್ತೀಯಲ್ಲಮ್ಮಾ, ನಿಂದೂ ಒಂದು ಹನಿ ನೋಡ್ಲಾ? ದುಡ್ಡು ಬೇಡ," ಅಂದ. ಬೆರಳಿಗೆ ಚುಚ್ಚಿದ. ಯಂತ್ರ ನೋಡಿದ. ಅವಳ ಮುಖ ನೋಡಿದ. ಮತ್ತೆ ಯಂತ್ರ ನೋಡಿದ. ಆಮೇಲೆ ಬಹುವಚನಕ್ಕೆ ಬಂದ.

"ಅಮ್ಮಾ, ಆ ಮುದುಕಮ್ಮನಿಗಿಂತ ನಿಮಗೇ ಸಕ್ಕರೆ ಜಾಸ್ತಿ ಇದೆ. ಮಾತ್ರೆ ಶುರು ಮಾಡಿ. ಕಾಲು ಜೋಪಾನ. ಕನ್ನಡೀಲಿ ಮುಖ ನೋಡ್ಕೊಳ್ಳೋ ಹಾಗೆ ದಿನಾ ಅಂಗಾಲು ನೋಡ್ಕೊಳ್ಳಿ. ಬಿಗಿಯಾದದ್ದು ಏನೂ ಮೆಟ್ಟಬೇಡಿ."

ಅವನು ಹೇಳುವುದೇ ಬೇಡವಾಗಿತ್ತು. ಅವಳ ಅಮ್ಮನಿಗೂ ಅದೇ ಇತ್ತು. ಒಂದು ಮುಳ್ಳು ತುಳಿದಿದ್ದಳು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಅಮ್ಮನನ್ನು ಮನೆಯವರು ಒಂದೇ ಸಲ ಮಣ್ಣು ಮಾಡಲಿಲ್ಲ, ಮೂರು ವರ್ಷ ತುಂಡು ತುಂಡಾಗಿ ಮಾಡಿದರು. ಅದನ್ನು ಕಣ್ಣಾರೆ ಕಂಡವಳು ಇವಳು. ಜಗತ್ತಿನಲ್ಲಿ ಅವಳಿಗೆ ಇದ್ದ ಹೆದರಿಕೆ ಅದೊಂದೇ: ಕಾಲು.

ಆದರೂ ಕಚೇರಿಯಲ್ಲಿ ಬಾಯಿ ಬಿಡಲಿಲ್ಲ. ಖಾಯಂ ಫೈಲಿನ ಜೊತೆ ಆರೋಗ್ಯದ ಚೀಟಿ ಬೇಕು. ಸಕ್ಕರೆ ಇದೆ ಅಂದರೆ ಚೀಟಿ ಸಿಗದು ಎಂದು ಯಾರೋ ಹೇಳಿದ್ದರು. ಮಾತ್ರೆಯನ್ನು ನಕ್ಷೆಯ ಕೊಳವೆಯೊಳಗೆ ಬಚ್ಚಿಟ್ಟು ನುಂಗುತ್ತಿದ್ದಳು. ಮೊದಮೊದಲು ದಿನಾ ಅಂಗಾಲು ನೋಡಿಕೊಂಡಳು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಬಿಟ್ಟೇಹೋಯಿತು. ಬೆಳಗಿನಿಂದ ಬಗ್ಗಿ ಬಗ್ಗಿ ಸಾಕಾದ ಬೆನ್ನು ಮನೆಗೆ ಬಂದು ಇನ್ನೊಂದು ಸಲ ಬಗ್ಗಲು ಒಪ್ಪಲಿಲ್ಲ.

ಆ ವರ್ಷವೇ ಮೇಡಂ ಅತ್ತೆಗೆ ಆಸ್ಪತ್ರೆಯವರು ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ನೀಲಿ ಬಣ್ಣದ್ದು, ಅಂಗಾಲಿಗೆ ಬೆಣ್ಣೆಯ ಹಾಗಿರುವುದು. ತಂದುಕೊಟ್ಟವಳು ಅಟೆಂಡರಮ್ಮನೇ. "ಜೋಪಾನ, ಅತ್ತೆಗೆ ಶುಗರ್ರು. ಕಾಲಿಗೆ ಒಂದು ಹರಳು ಕೂಡ ಒತ್ತಬಾರದು," ಎಂದಿದ್ದರು ಮೇಡಂ. ಬಸ್ಸಿನಲ್ಲಿ ಆ ಚಪ್ಪಲಿಯೊಳಗೆ ಕೈ ಹಾಕಿ ಒತ್ತಿ ನೋಡಿ, ಮತ್ತೆ ಡಬ್ಬಿ ಮುಚ್ಚಿದ್ದಳು.

ಹನ್ನೆರಡನೆಯ ಜೊತೆ ಮರೂನ್ ಬಣ್ಣದ್ದು. ದಪ್ಪ ಚರ್ಮ. ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು, ಆ ದಿನಕ್ಕೆಂದು ಕೊಂಡದ್ದು.

"ಎಂಟು ದಿನ ಇದೆ. ಚೆನ್ನಾಗಿ ಪಳಗಿಸು. ಹೊರಗೆ ಹಾಕ್ಕೊಂಡು ಹೋಗ್ಬೇಡ, ಅಟ್ಟೆ ಸವೆಯುತ್ತೆ. ಕಾಲು ತೊಳ್ಕೊಂಡು ಪೌಡರ್ ಹಾಕ್ಕೊಂಡು ಈ ಸಾಕ್ಸ್ ಹಾಕ್ಕೋ, ಆಮೇಲೆ ಶೂ. ಒಳಗೆ ನಿನ್ನ ವಾಸನೆ ಕೂರಬಾರದು."

ಕಪ್ಪು ಕಾಲುಚೀಲ ಕೊಟ್ಟರು. ಹಾಕಿಕೊಂಡಳು. ನಡೆದಳು. ನಕ್ಷೆಯ ಕೋಣೆಯಿಂದ ಮೇಡಂ ಕೋಣೆಗೆ, ಅಲ್ಲಿಂದ ಟೀ ಮೇಜಿಗೆ, ಅಲ್ಲಿಂದ ಹಿಂದಕ್ಕೆ. ಹೆಗಲ ಮೇಲೆ ಕೊಳವೆ ಹೊತ್ತು ಹತ್ತು ಸಲ, ಇಪ್ಪತ್ತು ಸಲ.

ಕಚ್ಚಲೇ ಇಲ್ಲ.

ಅವಳಿಗೇ ನಂಬಿಕೆ ಬರಲಿಲ್ಲ. ಮೊದಲ ದಿನ ಕಚ್ಚದ ಬೂಟು ಅವಳು ಕಂಡೇ ಇರಲಿಲ್ಲ. ಎರಡನೆಯ ದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಹತ್ತಿಯ ಮೇಲೆ ನಡೆದ ಹಾಗೆ.

"ಈ ಸಲ ದೇವರು ಕಣ್ಣು ಬಿಟ್ಟ ಕಣೇ," ಅಂದಳು ಗುಡಿಸುವವಳಿಗೆ. "ಒಂದು ಚೂರೂ ಒತ್ತಲ್ಲ."

"ಬೂಟಿಗೂ ನಿನ್ನ ಪರಿಚಯ ಆಗಿರಬೇಕು. ಹನ್ನೆರಡನೇದು ಅಲ್ವಾ, ನಾಚ್ಕೊಂಡಿದೆ."

ಮನೆಗೆ ಹೋದಾಗಲೂ ಹತ್ತಿಯ ಮೇಲೆ ನಡೆದಂತೆಯೇ ಇತ್ತು. ಬರಿ ನೆಲವೂ ಹತ್ತಿಯಂತೆಯೇ ಇತ್ತು. ಅದನ್ನು ಯೋಚಿಸಲಿಲ್ಲ. ಕಾಲುಚೀಲ ತೊಳೆಯುವಾಗ ನೀರು ಕೆಂಪಗೆ ಇಳಿಯಿತು. ಮರೂನ್ ಬೂಟು, ಬಣ್ಣ ಬಿಡುತ್ತಿದೆ ಎಂದುಕೊಂಡಳು. ದುಬಾರಿ ಬೂಟೂ ಬಣ್ಣ ಬಿಡುತ್ತದಲ್ಲ ಎಂದು ನಗು ಬಂತು.

ಐದನೆಯ ದಿನ ನಕ್ಷೆಯ ಕೋಣೆಯಲ್ಲಿ ವಾಸನೆ ಎದ್ದಿತು. ಹೆಡ್ ಗುಮಾಸ್ತ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತ. "ಏನಮ್ಮಾ ಇದು, ಇಲಿ ಸತ್ತಿದೆ ಒಳಗೆ. ಹುಡುಕಿ ಎಸೀರಿ. ಸಾಹೇಬ್ರು ಬರೋ ಹೊತ್ತಿಗೆ ಹೀಗೆ ನಾರಿದ್ರೆ ಮೇಡಂ ನಮ್ಮನ್ನ ಎಸೀತಾರೆ."

ಇಬ್ಬರೂ ಹುಡುಕಿದರು. ಅಟೆಂಡರಮ್ಮ ಏಣಿ ಹತ್ತಿ ಒಂದೊಂದೇ ಕೊಳವೆ ಇಳಿಸಿದಳು, ಗುಡಿಸುವವಳು ಕಪಾಟಿನ ಸಂದಿಗೆ ಪೊರಕೆಯ ಕಡ್ಡಿ ತೂರಿಸಿದಳು. ಎರಡು ದಿನ ಹುಡುಕಿದರು. ಇಲಿ ಸಿಗಲಿಲ್ಲ. ಒಂದು ವಿಚಿತ್ರ ಅಂದರೆ ಅಟೆಂಡರಮ್ಮ ಯಾವ ಮೂಲೆಗೆ ಹೋದರೆ ಆ ಮೂಲೆಯಲ್ಲೇ ಇಲಿ ಸತ್ತಂತೆ ಇರುತ್ತಿತ್ತು.

"ಇಲಿ ನಿನ್ನ ಹಿಂದೆ ಹಿಂದೆ ಬರ್ತಿದೆ ಅಕ್ಕಾ, ಸತ್ತ ಮೇಲೂ," ಅಂದಳು ಗುಡಿಸುವವಳು. ಇಬ್ಬರೂ ನಕ್ಕರು.

ಎಂಟನೆಯ ದಿನ ಬೂಟು ಒರೆಸಿ, ಒಳಗೆ ಪೌಡರು ಉದುರಿಸಿ, ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ಕೊಟ್ಟಳು. "ಬಹಳ ಮೆತ್ತಗಿದೆ ಮೇಡಂ. ಕಚ್ಚಲೇ ಇಲ್ಲ. ಹತ್ತಿ ಥರ ಇದೆ."

"ಗುಡ್," ಅಂದರು ಮೇಡಂ.

ಮರುದಿನ ದೊಡ್ಡ ಸಾಹೇಬರು ಬಂದರು. ಹೊಸದಾಗಿ ಅಗೆದ ಚರಂಡಿ ತೋರಿಸಲು ಮೇಡಂ ಅವರ ಜೊತೆ ಹೊರಟರು. ಮರೂನ್ ಬೂಟು, ಅದಕ್ಕೆ ಒಪ್ಪುವ ಕೈಚೀಲ. ಅರ್ಧ ಗಂಟೆಗೆ ಒಬ್ಬರೇ ವಾಪಸು ಬಂದರು. ಒಂದು ಕಾಲಲ್ಲಿ ಬೂಟು, ಇನ್ನೊಂದು ಕೈಯಲ್ಲಿ. ಕುಂಟುತ್ತಾ ಕಾರ್ಪೆಟ್ಟಿನ ಮೇಲೆ ನಡೆದು ಬಂದು ಗುಮಾಸ್ತರ ಮೇಜುಗಳ ನಡುವೆ ನಿಂತು ಕೂಗಿದರು.

"ಎಲ್ಲಿ ಅವಳು?"

ಅಟೆಂಡರಮ್ಮ ಬಂದಳು.

"ಎಷ್ಟು ದಿನ ಹಾಕ್ಕೊಂಡಿದ್ದೆ ಇದನ್ನ?"

"ಎಂಟು ದಿನ ಮೇಡಂ."

"ಕಚ್ಚಲಿಲ್ಲ ಅಲ್ವಾ? ಹತ್ತಿ ಥರ ಇತ್ತು ಅಲ್ವಾ?"

"ಹೌದು ಮೇಡಂ."

"ಕೈ ಹಾಕು ಒಳಗೆ."

ಕೈ ಹಾಕಿದಳು. ಹೆಬ್ಬೆರಳಿನ ಬುಡ ಕೂರುವ ಜಾಗದಲ್ಲಿ ಏನೋ ಚುಚ್ಚಿತು. ಮೊಳೆ. ಅಟ್ಟೆಗೆ ಹೊಡೆದ ಮೊಳೆಯೊಂದು ಭಾರಕ್ಕೆ ಮೇಲೆದ್ದು, ಕಾಳಿನಷ್ಟು ಮೊನೆ ಹೊರಗೆ ಹಾಕಿ ನಿಂತಿತ್ತು.

"ಹತ್ತು ಹೆಜ್ಜೆಗೆ ನನಗೆ ಗೊತ್ತಾಯ್ತು. ಸಾಹೇಬ್ರ ಮುಂದೆ ಕಿರುಚಿಬಿಟ್ಟೆ. ಮರ್ಯಾದೆ ಹೋಯ್ತು ನಂದು. ಎಂಟು ದಿನ ಹಾಕ್ಕೊಂಡಿದ್ದವಳಿಗೆ ಗೊತ್ತಾಗಲಿಲ್ವಾ? ಹಾಕ್ಕೊಂಡೇ ಇಲ್ಲ ನೀನು! ಡಬ್ಬೀಲಿ ಇಟ್ಟು, ನನ್ನ ಕಣ್ಣಿಗೆ ಮಣ್ಣೆರಚಿದೀಯ. ಸುಳ್ಳಿ!"

"ಹಾಕ್ಕೊಂಡಿದ್ದೆ ಮೇಡಂ."

"ಮೊಳೆ ಮೇಲೆ ಎಂಟು ದಿನ ನಡೆದ್ಯಾ? ನೀನೇನು ಕಬ್ಬಿಣದವಳಾ?"

"ಹಾಕ್ಕೊಂಡಿದ್ಲು ಮೇಡಂ," ಅಂದಳು ಗುಡಿಸುವವಳು. "ಇಡೀ ಆಫೀಸು ನೋಡಿದೆ."

"ನಿನ್ನನ್ನ ಕೇಳಿದ್ನಾ?"

ಹೆಡ್ ಗುಮಾಸ್ತ ಫೈಲಿನೊಳಗೆ ತಲೆ ಹಾಕಿದ. ಎಂಟು ದಿನ ನಮಸ್ಕಾರ ಹಾಕಿ ನಕ್ಕವನು ಅವನೇ.

ಅಟೆಂಡರಮ್ಮ ಕಾರ್ಪೆಟ್ಟಿನ ಮೇಲೆ ಕೂತಳು. ಎರಡೂ ಕೈಯಲ್ಲಿ ಎಡಗಾಲು ಎತ್ತಿ ತೊಡೆಯ ಮೇಲೆ ತಂದುಕೊಂಡಳು. ಬೇರೆ ಯಾರದೋ ಕಾಲಿನಂತೆ ಬಂತು ಅದು. ಅಂಗಾಲು ತಿರುಗಿಸಿ ನೋಡಿದಳು.

ಹೆಬ್ಬೆರಳಿನ ಬುಡದಲ್ಲಿ ತೂತು. ಸುತ್ತ ಕಪ್ಪು. ಒಳಗೆ ಹಳದಿ. ಬೆರಳು ಇಟ್ಟು ಒತ್ತಿದಳು. ನೋವಿಲ್ಲ. ಇನ್ನೂ ಒತ್ತಿದಳು. ಕೀವು ಬಂತು, ನೋವು ಬರಲಿಲ್ಲ. ವಾಸನೆ ಎದ್ದಿತು. ಎಲ್ಲರಿಗೂ ಪರಿಚಯದ ವಾಸನೆ.

"ಅಕ್ಕಾ," ಅಂದಳು ಗುಡಿಸುವವಳು. ಅವಳ ದನಿ ಇಳಿದಿತ್ತು. "ಇಲಿ..."



ಮೇಡಂ ಮೂಗಿಗೆ ಕರವಸ್ತ್ರ ಹಿಡಿದರು. "ಕಾರ್ಪೆಟ್ ಮೇಲಿಂದ ಏಳು ಮೊದಲು," ಅಂದರು.

ಹೆಬ್ಬೆರಳೂ ಹೋಯಿತು, ಅದರ ಪಕ್ಕದ್ದೂ ಹೋಯಿತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಮಗಳು ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತು ಕೆಲಸ ಮಾಡುವವಳು, ಸಂಜೆ ಬಂದು ಮಂಚದ ಪಕ್ಕ ನಿಂತೇ ಇರುತ್ತಿದ್ದಳು. ಕೂರಲು ಅಲ್ಲಿ ಜಾಗವಿರಲಿಲ್ಲ.

"ಯಾಕಮ್ಮಾ ನನಗೊಂದು ಮಾತು ಹೇಳಲಿಲ್ಲ?"

"ಏನಂತ ಹೇಳಲಿ? ನನ್ನ ಕಾಲೇ ನನಗೆ ಹೇಳಲಿಲ್ಲ."

"ಆ ಹೆಂಗಸಿನ ಬೂಟು ನೀನು ಯಾಕೆ ಹಾಕ್ಕೋಬೇಕಿತ್ತು? ನನಗೂ ಅಂಗಡೀಲಿ ಯಜಮಾನಿ ಇದ್ದಾಳೆ. ಅವಳ ಬೂಟು ನಾನು ಹಾಕ್ಕೊಂಡಿದ್ದೀನಾ?"

"ನಿನ್ನ ಕಾಲು ಅವಳ ಅಳತೆಯದಲ್ಲ. ಅದಕ್ಕೆ," ಅಂದಳು ತಾಯಿ.

ಮಗಳು ಮುಖ ತಿರುಗಿಸಿಕೊಂಡು ಅತ್ತಳು. ಅಟೆಂಡರಮ್ಮ ಅಳಲಿಲ್ಲ. ಅವಳು ಅಮ್ಮನನ್ನು ನೆನೆಯುತ್ತಿದ್ದಳು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ.

ಬಿಡುಗಡೆಯ ದಿನ ಡಾಕ್ಟರು ಅವಳ ಬಲಗಾಲು ಹಿಡಿದು ಅಂಗಾಲಿಗೆ ಬೆಂಕಿಕಡ್ಡಿಯಿಂದ ಗೀರಿದರು. "ಗೊತ್ತಾಗುತ್ತಾ?"

"ಇಲ್ಲ."

"ಇದಕ್ಕೂ ಸ್ಪರ್ಶ ಹೋಗಿದೆ. ಕೇಳಮ್ಮಾ, ಉಳಿದಿರೋದು ಇದೊಂದು ಪೂರ್ತಿ ಕಾಲು. ಬರಿಗಾಲಲ್ಲಿ ಒಂದು ಹೆಜ್ಜೆ ಇಡಬೇಡ, ಮನೆ ಒಳಗೂ. ಬಿಗಿಯಾದದ್ದು ಹಾಕಬೇಡ. ಇದಕ್ಕೆ ಗಾಯ ಆದ್ರೆ ಬೆರಳಲ್ಲಿ ಮುಗಿಯಲ್ಲ."

ನೀಲಿ ಚಪ್ಪಲಿ ಬರೆದುಕೊಟ್ಟರು. ಬೆಣ್ಣೆಯ ಹಾಗಿರುವುದು. ಮಗಳು ಎರಡು ತಿಂಗಳ ಬಸ್ಸಿನ ದುಡ್ಡು ಉಳಿಸಿ, ನಡೆದೇ ಅಂಗಡಿಗೆ ಹೋಗಿ, ಅದನ್ನು ಕೊಂಡುತಂದಳು.

ಮತ್ತೆ ಕೆಲಸಕ್ಕೆ ಹೊರಟ ದಿನ ಮೂರು ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಸಲ ನಿಂತಳು. ಹೆಬ್ಬೆರಳಿಲ್ಲದ ಕಾಲು ಮೆಟ್ಟಿಲನ್ನು ಹಿಡಿಯುವುದಿಲ್ಲ, ಜಾರುತ್ತದೆ. ಮೆಟ್ಟಿಲ ತಲೆಯ ಹಲಗೆಯ ಮುಂದೆ ಬಂದು ನಿಂತಳು. ಗುಡಿಸುವವಳ ಚಪ್ಪಲಿ ಇತ್ತು, ಟೀ ತರುವವಳ ಚಪ್ಪಲಿ ಇತ್ತು.

"ತೆಗೀಬೇಡ ಅಕ್ಕಾ," ಒಳಗಿನಿಂದ ಓಡಿ ಬಂದಳು ಗುಡಿಸುವವಳು. "ಡಾಕ್ಟ್ರು ಹೇಳಿದಾರೆ ಅಂತ ಹೇಳು."

"ಇವತ್ತು ಫೈಲಿನ ವಿಷಯ ಮಾತಾಡ್ತಾರಂತೆ, ಹೆಡ್ ಗುಮಾಸ್ತ್ರು ಹೇಳಿ ಕಳಿಸಿದ್ರು. ಇವತ್ತೊಂದು ದಿನ."

ನೀಲಿ ಚಪ್ಪಲಿ ಹಲಗೆಯ ಮೇಲಿಟ್ಟಳು. ಬರಿಗಾಲಲ್ಲಿ ಕಾರ್ಪೆಟ್ಟು ತುಳಿದಳು. ನೆಲ ನೋಡಿಕೊಂಡು, ಒಂದೊಂದು ಹೆಜ್ಜೆಯನ್ನೂ ಕಣ್ಣಲ್ಲಿ ಗುಡಿಸಿಕೊಂಡು ನಡೆದಳು. ಒಂದು ಗುಂಡುಪಿನ್ನು ಬಿದ್ದಿದ್ದರೂ ಸಾಕಿತ್ತು.

ಮೇಡಂ ಅಂದು ಒಳ್ಳೆಯ ಮನಸ್ಸಿನಲ್ಲಿದ್ದರು.

"ಬಾ ಬಾ. ಪಾಪ, ತುಂಬಾ ಕಷ್ಟ ಆಯ್ತಾ? ಸಣ್ಣಗಾಗಿದೀಯ. ನೋಡು, ನಿನ್ನ ಫೈಲು ಇಲ್ಲೇ ಇದೆ, ನನ್ನ ಕಣ್ಣ ಮುಂದೆ. ಇವತ್ತೋ ನಾಳೆಯೋ ಸೈನು ಹಾಕಿ ಕಳಿಸ್ತೀನಿ. ನನಗೂ ಮನಸ್ಸಿದೆ."

ಫೈಲು ಇತ್ತು. ಅವಳ ಹೆಸರು ತಲೆಕೆಳಗಾಗಿ ಕಂಡಿತು. ಅವಳ ಕಣ್ಣು ಮಂಜಾಯಿತು. ಹದಿನಾಲ್ಕು ವರ್ಷ.

ಮೇಡಂ ಬಗ್ಗಿ ಮೇಜಿನಡಿಯಿಂದ ಒಂದು ಡಬ್ಬಿ ತೆಗೆದರು. ಮುಚ್ಚಳ ತೆರೆದರು. ಕಪ್ಪು ಬೂಟು. ಹೊಸ ಚರ್ಮದ ವಾಸನೆ.

"ಹೆದರಬೇಡ. ಈ ಸಲ ನಾನೇ ಕೈ ಹಾಕಿ ನೋಡಿದೀನಿ, ಮೊಳೆಗಿಳೆ ಏನೂ ಇಲ್ಲ." ದನಿಯಲ್ಲಿ ನಿಜವಾಗಿಯೂ ಅಕ್ಕರೆ ಇತ್ತು. "ಎಡಗಾಲಿಗೆ ಬೇಡ ಬಿಡು, ಅದು ಹಾಳಾಗಿದೆ. ಬಲಗಾಲು ಸರಿ ಇದೆಯಲ್ಲ? ಬಲಗಡೆದು ನೀನು ಹಾಕ್ಕೋ. ಎಡಗಡೆದು ಆ ಗುಡಿಸೋಳಿಗೆ ಹಾಕಿಸ್ತೀನಿ. ಒಂದು ವಾರ, ಅಷ್ಟೆ."

ಅಟೆಂಡರಮ್ಮ ಬೂಟು ನೋಡಿದಳು. ಮೇಡಂನ ಮುಖ ನೋಡಿದಳು. ತಿರುಗಿ ಹೊರಗೆ ನಡೆದಳು.

ಕಾಲುಚೀಲ ತರಲು ಹೋದಳು ಎಂದುಕೊಂಡರು ಮೇಡಂ. ಗುಮಾಸ್ತರೂ ಹಾಗೆಯೇ ಎಂದುಕೊಂಡರು. ಅವಳು ಉದ್ದಕ್ಕೂ ನಡೆದು ಮೆಟ್ಟಿಲ ತಲೆಗೆ ಹೋದಳು. ಗೋಡೆ ಹಿಡಿದು ನೀಲಿ ಚಪ್ಪಲಿ ಮೆಟ್ಟಿದಳು, ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ. ಪಟ್ಟಿ ಬಿಗಿದಳು. ಒಳಗೆ ಬಂದಳು.

ಚಟ್. ಪಟ್. ಚಟ್. ಪಟ್.

ಹೆಡ್ ಗುಮಾಸ್ತ ತಲೆ ಎತ್ತಿದ. ಟೀ ತರುವವಳು ಲೋಟ ಹಿಡಿದು ನಿಂತಳು. ಮೇಡಂ ಬಂದ ಮೇಲೆ ಆ ಕಾರ್ಪೆಟ್ಟಿನ ಮೇಲೆ ಆಳಿನ ಚಪ್ಪಲಿ ಸದ್ದು ಮಾಡಿದ್ದು ಅದೇ ಮೊದಲು. ಮೇಡಂ ಮೇಜಿನವರೆಗೂ ಬಂದು ನಿಂತಳು.

"ಹಾಕಲ್ಲ ಮೇಡಂ."

"ಏನು?"

"ಬೂಟು. ಬಲಗಾಲಿಗೂ ಹಾಕಲ್ಲ."

"ಮೊದಲು ಆ ಚಪ್ಪಲಿ ಆಚೆ ಬಿಟ್ಟು ಬಾ. ಆಮೇಲೆ ಮಾತಾಡು."

"ಚಪ್ಪಲೀನೂ ಬಿಡಲ್ಲ. ನಿಮ್ಮ ಅತ್ತೆಗೆ ಇದೇ ಚಪ್ಪಲಿ ನಾನೇ ತಂದ್ಕೊಟ್ಟಿದ್ದು. ಒಂದು ಹರಳು ಒತ್ತಬಾರದು ಅಂದ್ರಿ. ನಂಗೂ ಅದೇ ಕಾಯಿಲೆ. ನಿಮ್ಮ ಅತ್ತೇದು ಕಾಲು, ನಂದು ಬೂಟು ಬಿಗಿಯೋ ಮರದ ಅಚ್ಚಾ?"

"ಶುಗರ್ ಇದೆ ಅಂತ ನೀನು ಹೇಳಲೇ ಇಲ್ವಲ್ಲ. ಮುಚ್ಚಿಟ್ಟಿದ್ದೆ. ಅಂದ್ರೆ ನಿನ್ನದೇ ತಪ್ಪು."

"ಈಗ ಹೇಳಿದೀನಿ. ಎರಡು ಬೆರಳು ಕತ್ತರಿಸಿಕೊಂಡು ಬಂದು ಹೇಳ್ತಿದೀನಿ. ನೀವು ಬಲಗಾಲು ಸರಿ ಇದೆಯಲ್ಲ ಅಂದ್ರಿ."

"ಆಗಲ್ಲ ಅಂದ್ರೆ ಆಗಲ್ಲ ಅನ್ನು. ಈ ದನಿ ಬೇಡ."

"ಆಗಲ್ಲ ಅಂತ ಯಾವತ್ತೂ ಅಂದವಳಲ್ಲ ನಾನು. ನಿಮ್ಮ ಕೋಟು ಹೊತ್ತೆ, ನಿಮ್ಮತ್ತೆ ಉಚ್ಚೆ ಹೊತ್ತೆ. ಇವತ್ತೂ ಆಗಲ್ಲ ಅಂತಿಲ್ಲ. ಹಾಕಲ್ಲ ಅಂತಿದೀನಿ."

ಮೇಡಂ ಫೈಲನ್ನು ಹತ್ತಿರ ಎಳೆದುಕೊಂಡರು. ಪೆನ್ನು ತೆರೆದರು.

"ಇದರ ಮೇಲೆ ನಾನೇನು ಬರೀಬಹುದು ಗೊತ್ತಾ?"

"ಗೊತ್ತು. ಬರೀರಿ."

ಬರೆದರು. ಅವಳು ಎದುರುಗಡೆ ನಿಂತು ಓದಿದಳು. ಮೇಡಂ ಒಂದೊಂದು ಅಕ್ಷರ ಬರೆಯುತ್ತಿದ್ದಂತೆ ತಲೆಕೆಳಗಾಗಿ ಓದಿದಳು. ದೈಹಿಕವಾಗಿ ಅಸಮರ್ಥಳು. ಮುಂದುವರಿಸುವ ಅಗತ್ಯವಿಲ್ಲ. ಸಹಿ ಬಿತ್ತು. ಹದಿನಾಲ್ಕು ವರ್ಷದಲ್ಲಿ ಆ ಫೈಲಿಗೆ ಬಿದ್ದ ಮೊದಲ ಸಹಿ.

"ನಾಳೆಯಿಂದ ಬರಬೇಡ."

"ಸರಿ."

ಮೇಡಂ ಗಂಟೆ ಒತ್ತಿದರು. ಗುಡಿಸುವವಳು ಬಂದಳು. ಕರೆಯುವ ಮೊದಲೇ ಬಾಗಿಲಲ್ಲಿ ಇದ್ದಳು ಎನ್ನಬೇಕು.

"ಈ ಶೂ ಹಾಕ್ಕೊಂಡು ನೋಡು."

ಗುಡಿಸುವವಳು ಬೂಟು ನೋಡಿದಳು. ಅವಳದು ಕಡ್ಡಿಯಂಥ ಮೈ, ಮೊಲದ ಮರಿಯಂಥ ಕಾಲು. ಆ ಬೂಟಿನಲ್ಲಿ ಅವಳ ಎರಡೂ ಕಾಲು ಹಿಡಿಯುತ್ತಿದ್ದವು.

"ನನ್ನ ಕಾಲು ದೊಡ್ಡದು ಮೇಡಂ."

"ಹಾಕದೇನೇ ಹೇಗೆ ಹೇಳ್ತೀಯ?"

"ಹುಟ್ಟಿದಾಗಿಂದ ನನ್ನ ಹತ್ರಾನೇ ಇದೆಯಲ್ಲ ಮೇಡಂ, ಗೊತ್ತಾಗಲ್ವಾ? ಬಹಳ ದೊಡ್ಡದು."

ಮೇಡಂ ಅವಳ ಪಾದ ನೋಡಿದರು. ಅವಳು ಅಡಗಿಸಲಿಲ್ಲ. ಕಾರ್ಪೆಟ್ಟಿನ ಮೇಲೆ ಎರಡೂ ಪಾದ ಜೋಡಿಸಿ, ಇಷ್ಟು ಚಿಕ್ಕದು ಅಂತ ತೋರಿಸುತ್ತಲೇ ನಿಂತಳು. ಮೇಡಂ ಬಾಗಿಲಾಚೆ ನಿಂತ ಟೀ ತರುವವಳನ್ನು ಕರೆದರು.

"ನಂದು ಅವಳಿಗಿಂತ ದೊಡ್ಡದು ಮೇಡಂ," ಅಂದಳು ಅವಳು, ಒಳಗೆ ಬಾರದೆ.

ಅಟೆಂಡರಮ್ಮ ನಕ್ಷೆಯ ಕೋಣೆಗೆ ಹೋದಳು. ಊಟದ ಡಬ್ಬಿ ತೆಗೆದುಕೊಂಡಳು. ಕೊಳವೆಯೊಳಗಿಂದ ಮಾತ್ರೆಯ ಪೊಟ್ಟಣ ತೆಗೆದುಕೊಂಡಳು. ನಾಲ್ಕು ಸಾವಿರ ನಕ್ಷೆ ಇದ್ದಲ್ಲೇ ಇದ್ದವು. ಯಾವುದು ಎಲ್ಲಿದೆ ಎಂದು ಅವಳಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೆಡ್ ಗುಮಾಸ್ತನ ಮೇಜು ದಾಟುವಾಗ ಅವನು ಕುರ್ಚಿಯಿಂದ ಎದ್ದು ನಿಂತ. ಈ ಸಲ ಪೂರ್ತಿ ಎದ್ದಿದ್ದ, ನಗಲಿಲ್ಲ. ಅವಳು ನೋಡಿದಳು. ನಿಲ್ಲಲಿಲ್ಲ. ಆ ಮೊಳೆಯ ದಿನ ಏಳಬೇಕಿತ್ತು ಅವನು.

ಮೆಟ್ಟಿಲಲ್ಲಿ ಗುಡಿಸುವವಳು ಅವಳ ಚೀಲ ಹಿಡಿದು ಜೊತೆಗೆ ಇಳಿದಳು. ಮೊದಲ ತಿರುವಿನಲ್ಲಿ ಇಬ್ಬರೂ ನಿಂತರು. ಮೇಲೆ ಸದ್ದು ಕೇಳಿಸಿತು. ಟಕ್ ಟಕ್. ಬಾಗಿಲು ದಾಟಿತು. ಟಕ್. ಆಮೇಲೆ ತಡವಾಗಿ ಇನ್ನೊಂದು ಟಕ್. ಮೇಡಂ ತಮ್ಮ ಬೂಟು ತಾವೇ ಹಾಕಿಕೊಂಡು ಹೊರಟಿದ್ದರು.

"ಹಿಮ್ಮಡೀಲಿ ಹಿಡಿಯುತ್ತೆ ಅದು," ಅಂದಳು ಅಟೆಂಡರಮ್ಮ. ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. "ಸಂಜೆ ಹೊತ್ತಿಗೆ ಬೊಬ್ಬೆ."

"ಕಚ್ಚಲಿ ಬಿಡು."

"ನಾಳೆ ನಿನ್ನನ್ನೂ ಬಿಡಿಸ್ತಾಳೆ ಕಣೇ."

"ಬಿಡಿಸ್ಲಿ. ಪೊರಕೆಗೆ ಕಾಲಿನ ಅಳತೆ ಯಾರೂ ಕೇಳಲ್ಲ."

ಅಟೆಂಡರಮ್ಮ ಮೆಟ್ಟಿಲ ಮೇಲೆ ಕೂತಳು. ಬಲಗಾಲಿನ ಚಪ್ಪಲಿಯ ಪಟ್ಟಿ ಬಿಚ್ಚಿದಳು. ಅವಳ ಬಿಗಿದ ಬೆನ್ನು ಅಂಗಾಲು ಕಾಣುವಷ್ಟು ಬಗ್ಗುತ್ತಿರಲಿಲ್ಲ. ಬರಿಗಾಲಲ್ಲಿ ಆ ಕಾರ್ಪೆಟ್ಟಿನ ಮೇಲೆ ಆವತ್ತು ಹೋಗಿ ಬಂದಿದ್ದಳು.

"ಸ್ವಲ್ಪ ನೋಡು," ಅಂದಳು.

ಗುಡಿಸುವವಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಆ ಪಾದವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳ ಸಂದಿ, ಹಿಮ್ಮಡಿ, ಅಂಗಾಲು, ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ ನೋಡಿದಳು. ಅವಳು ಸವರಿದ್ದು ಅಟೆಂಡರಮ್ಮನಿಗೆ ಗೊತ್ತಾಗಲಿಲ್ಲ. ಗುಡಿಸುವವಳ ಮುಖವನ್ನೇ ನೋಡುತ್ತಾ ಕಾದಳು.

"ಏನೂ ಇಲ್ಲ ಅಕ್ಕಾ. ಒಂದು ಗೀರೂ ಇಲ್ಲ."

"ಇನ್ನೊಂದು ಸಲ ನೋಡು."

ಇನ್ನೊಂದು ಸಲ ನೋಡಿದಳು.